ಮುಂದಿನ ಬ್ರೇಕ್ ಯಾರಿಗೆ?

ನಮ್ಮ ಹಾಸ್ಟೆಲ್ಲಿನ ಗೇಮ್ಸ್ ರೂಮಿನಲ್ಲಿ ಇರೋದು ಒಂದೇ ಪೂಲ್ ಟೇಬಲ್. ಅದರ ಒಂದು ಮೂಲೆ ಪಾಕೆಟ್ಟಿನ ಬಲೆ ಹರಿದಿದೆ. ಅಲ್ಲಿ ಬಾಲ್ ಹಾಕಿದರೆ ಅದು ಸೀದಾ ನಿಮ್ಮ ಕಾಲ ಮೇಲೆ ಬೀಳುತ್ತೆ. ಈ ಟೇಬಲ್ ನಂಬಿಕೊಂಡು 32 ಜನರ ನೈನ್ ಬಾಲ್ ಟೂರ್ನಮೆಂಟ್ ಮಾಡಲು ಹೊರಟವರು ನಾವು. ಹೆಸರು ಬರೆಸಿಕೊಂಡಾಯ್ತು, ಎರಡು ವೀಕೆಂಡಿಗೆ ವಾರ್ಡನ್ ಪರ್ಮಿಶನ್ನೂ ಸಿಕ್ಕಿತು. ನೋಟಿಸ್ ಬೋರ್ಡಿಗೆ ನಿಯಮ ಬರೆಯಲು ಕೂತಾಗ ಜಗಳ ಶುರು. ಒಂದು ರ‍್ಯಾಕ್ ಮುಗಿದ ಮೇಲೆ ಮುಂದಿನ ಬ್ರೇಕ್ ಯಾರಿಗೆ? ಗೆದ್ದವನಿಗೋ, ಸರದಿ ಪ್ರಕಾರವೋ?

ನಮ್ಮಲ್ಲಿ ಮೂವರು ಸರದಿ ಪಕ್ಷ. ಗೆದ್ದವನಿಗೇ ಮತ್ತೆ ಬ್ರೇಕ್ ಕೊಟ್ಟರೆ ಅವನು ಆಡ್ತಾನೇ ಇರ್ತಾನೆ, ಇನ್ನೊಬ್ಬ ಕುರ್ಚಿಯಲ್ಲಿ ಕೂತು ನೋಡ್ತಾ ಇರಬೇಕು, ಬಲ ಇದ್ದವನಿಗೇ ಇನ್ನಷ್ಟು ಬಲ, ಇದು ಅನ್ಯಾಯ ಅಂತ ಮೆಸ್ ಮುಚ್ಚುವವರೆಗೂ ವಾದ ಮಾಡಿದೆವು. ಆಮೇಲೆ ಪೆನ್ನು ಪೇಪರ್ ಹಿಡಿದು ಲೆಕ್ಕ ಹಾಕಿದಾಗ ನಮ್ಮ ವಾದವೇ ತಪ್ಪು ಅಂತ ಗೊತ್ತಾಯ್ತು. ಆ ಲೆಕ್ಕವೇ ಈ ಲೇಖನ. ಪ್ರಾಬಬಿಲಿಟಿ ಓದಿದವರಿಗೆ ಸುಲಭ, ಓದದೆ ಪಾಸಾದವರಿಗೂ ಕಷ್ಟವಿಲ್ಲ. ('ಸಂಭವನೀಯತೆ' ಎಂಬ ಪದವನ್ನು ನಾವು ಇಂಗ್ಲಿಷ್ ಮೀಡಿಯಂನವರು ಮೊನ್ನೆ ತಾನೆ ಕಲಿತದ್ದು. ಆದ್ದರಿಂದ 'ಚಾನ್ಸ್' ಅಂತಲೇ ಬರೆಯುತ್ತೇವೆ, ಕ್ಷಮಿಸಿ.)

ಮೊದಲು ಆಟ. ನೈನ್ ಬಾಲ್‌ನಲ್ಲಿ 1ರಿಂದ 9ರವರೆಗಿನ ಬಾಲ್‌ಗಳನ್ನು ವಜ್ರದ ಆಕಾರದಲ್ಲಿ ಜೋಡಿಸುತ್ತಾರೆ, ಒಬ್ಬರು ಬ್ರೇಕ್ ಮಾಡುತ್ತಾರೆ. ಪ್ರತಿ ಹೊಡೆತದಲ್ಲೂ ಕ್ಯೂ ಬಾಲ್ ಮೊದಲು ಮುಟ್ಟಬೇಕಾದದ್ದು ಟೇಬಲ್ ಮೇಲಿರುವ ಅತಿ ಚಿಕ್ಕ ನಂಬರನ್ನು. ಸರಿಯಾಗಿ ಆಡಿ 9 ಹಾಕಿದವರಿಗೆ ಆ ರ‍್ಯಾಕ್. ಬ್ರೇಕ್‌ನಲ್ಲಿ ಏನಾದರೂ ಬಿದ್ದರೆ ಅವರದ್ದೇ ಆಟ ಮುಂದುವರಿಯುತ್ತೆ. ದೊಡ್ಡ ಆಟಗಾರರು ಅಲ್ಲಿಂದ ಒಂಬತ್ತೂ ಬಾಲ್ ಕ್ಲಿಯರ್ ಮಾಡಿ ಎದ್ದುಬಿಡುತ್ತಾರೆ, ಎದುರಾಳಿ ಕ್ಯೂಗೆ ಚಾಕ್ ಹಚ್ಚಿದ್ದೇ ಬಂತು.

ಬೆಂಗಳೂರಲ್ಲಿ ಕ್ಯೂ ಹಿಡಿಯುವ ಆಟ ಅಂದರೆ ಪಂಕಜ್ ಅಡ್ವಾಣಿ, ಅಂದರೆ ಬಿಲಿಯರ್ಡ್ಸ್ ಮತ್ತು ಸ್ನೂಕರ್. ಪೂಲ್ ಇನ್ನೂ ಕೆಫೆ ಆಟ. ನಮಗೆ ಹುಚ್ಚು ಹಿಡಿದದ್ದು ವಿಶ್ವ ಪೂಲ್ ಚಾಂಪಿಯನ್‌ಶಿಪ್ ನೋಡಿ. ಅದು 2024 ಮತ್ತು 2025ರಲ್ಲಿ ಸೌದಿಯ ಜೆದ್ದಾದಲ್ಲಿ ನಡೆಯಿತು. ನಮಗೂ ಅವರಿಗೂ ಎರಡೂವರೆ ಗಂಟೆ ವ್ಯತ್ಯಾಸ. ಅಲ್ಲಿ ರಾತ್ರಿ ಆಟ ರಂಗೇರುವ ಹೊತ್ತಿಗೆ ಇಲ್ಲಿ ಮಧ್ಯರಾತ್ರಿ. 2024ರ ಫೈನಲ್‌ನಲ್ಲಿ ಫೆಡೋರ್ ಗೋರ್ಸ್ಟ್ ಅಲ್ಬೇನಿಯಾದ ಎಕ್ಲೆಂಟ್ ಕಾಚಿಯನ್ನು 15-14ರಲ್ಲಿ ಸೋಲಿಸಿದ. 2025ರಲ್ಲಿ ಅದೇ ಗೋರ್ಸ್ಟ್ ಫಿಲಿಪೈನ್ಸ್‌ನ ಕಾರ್ಲೊ ಬಿಯಾಡೊ ಎದುರು 13-15ರಲ್ಲಿ ಸೋತ. ಇಷ್ಟು ಕಡಿಮೆ ಅಂತರದಲ್ಲಿ ವಿಶ್ವ ಚಾಂಪಿಯನ್ ಯಾರು ಅಂತ ತೀರ್ಮಾನ ಆಗುತ್ತೆ ಅಂದಮೇಲೆ ನಿಯಮದ ಬಗ್ಗೆ ಜಗಳ ಬರದೆ ಇರುತ್ತಾ?

ಇಲ್ಲಿ ಒಳ್ಳೆಯವನು ಗೆಲ್ಲಬೇಕಾದರೆ ನಿಜಕ್ಕೂ ಬೇಕಾದದ್ದು ಉದ್ದ. 'ರೇಸ್ ಟು 5' ಅಂದರೆ ಮೊದಲು ಐದು ರ‍್ಯಾಕ್ ಗೆದ್ದವರಿಗೆ ಪಂದ್ಯ. ಒಬ್ಬ ಸ್ವಲ್ಪ ಮೇಲು, ನೂರು ರ‍್ಯಾಕಿಗೆ 55 ಗೆಲ್ಲುತ್ತಾನೆ ಅಂದುಕೊಳ್ಳಿ. ರೇಸ್ ಟು 5ರಲ್ಲಿ ಅವನು ಪಂದ್ಯ ಗೆಲ್ಲುವ ಚಾನ್ಸ್ ನೂರಕ್ಕೆ 62. ರೇಸ್ ಟು 9 ಮಾಡಿದರೆ 66, 11ಕ್ಕೆ 68, 15ಕ್ಕೆ 71. ಬೈನಾಮಿಯಲ್ ಫಾರ್ಮುಲಾ ಹಾಕಿ, ನಿಮಗೂ ಇದೇ ಬರುತ್ತೆ. ಪಂದ್ಯವನ್ನು ಮೂರು ಪಟ್ಟು ಉದ್ದ ಮಾಡಿದರೂ ಸಿಗುವ ಲಾಭ ಒಂಬತ್ತೇ! ಇಂಥವನು ಕೊನೆಯ 64 ಜನರಿಂದ ಶುರುಮಾಡಿ, ಸೋತರೆ ಔಟ್ ಎಂಬ ನಿಯಮದಲ್ಲಿ ಐದು ಸಲ ರೇಸ್ ಟು 11 ಮತ್ತು ಫೈನಲ್‌ನಲ್ಲಿ ರೇಸ್ ಟು 15 ಗೆಲ್ಲಬೇಕು ಎಂದಿಟ್ಟುಕೊಳ್ಳಿ. ಎದುರಿಗೆ ಬಂದ ಎಲ್ಲರಿಗಿಂತಲೂ ಮೇಲಾಗಿದ್ದರೂ ಅವನು ಕಪ್ ಎತ್ತುವುದು ನೂರಕ್ಕೆ ಹತ್ತೇ ಸಲ. ಈ ಹತ್ತು ನೋಡಿ ನಾವು ಸ್ವಲ್ಪ ಹೊತ್ತು ಸುಮ್ಮನಾಗಿಬಿಟ್ಟೆವು.

ಇದಕ್ಕೇ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 128 ಜನ 64ಕ್ಕೆ ಇಳಿಯುವವರೆಗೆ ಡಬಲ್ ಎಲಿಮಿನೇಶನ್: ಎರಡು ಸಲ ಸೋತರೆ ಮಾತ್ರ ಮನೆಗೆ. ಐಪಿಎಲ್‌ನ ಮೊದಲ ಕ್ವಾಲಿಫೈಯರ್‌ನಲ್ಲಿ ಸೋತವರಿಗೂ ಇನ್ನೊಂದು ದಾರಿ ಇರುತ್ತಲ್ಲ, ಹಾಗೆ. 2025ರಲ್ಲಿ ಆರ್‌ಸಿಬಿ ಕೈಲಿ ಸೋತ ಪಂಜಾಬ್ ಮತ್ತೆ ಫೈನಲ್‌ಗೆ ಬಂದು ನಮ್ಮ ಬಿಪಿ ಏರಿಸಿದ್ದು ಯಾರು ಮರೀತಾರೆ? ಲೆಕ್ಕದಲ್ಲಿ ಇದು ಮೂರು ಪಂದ್ಯದಲ್ಲಿ ಎರಡು ಗೆಲ್ಲುವುದಕ್ಕೆ ಸಮ. ರೇಸ್ ಟು 9ರಲ್ಲಿ 66 ಇದ್ದ ಚಾನ್ಸ್ ಆಗ 74ಕ್ಕೆ ಏರುತ್ತೆ.

ಈಗ ಬ್ರೇಕ್ ಜಗಳಕ್ಕೆ ಬರೋಣ. ರಾಮ, ಶಾಮ ಇಬ್ಬರೂ ಸಮ. ಬ್ರೇಕ್ ಮಾಡಿದವನು ಆ ರ‍್ಯಾಕ್ ಗೆಲ್ಲುವ ಚಾನ್ಸ್ 0.6. ರೇಸ್ ಟು 2, ಮೊದಲ ಬ್ರೇಕ್ ರಾಮನದ್ದು. ಸರದಿ ನಿಯಮದಲ್ಲಿ ರಾಮ ಗೆಲ್ಲುವ ದಾರಿ ಮೂರು. ಮೊದಲೆರಡೂ ಗೆದ್ದರೆ 0.24, ಗೆದ್ದು ಸೋತು ಗೆದ್ದರೆ 0.216, ಸೋತು ಎರಡು ಗೆದ್ದರೆ 0.096. ಕೂಡಿಸಿ: 0.552. ಗೆದ್ದವನಿಗೆ ಬ್ರೇಕ್ ಎಂಬ ನಿಯಮದಲ್ಲಿ ಅದೇ ಮೂರು ದಾರಿಗೆ 0.36, 0.096, 0.096. ಕೂಡಿಸಿ.

ಅದೂ 0.552!

ಕಾಕತಾಳೀಯ ಇರಬೇಕು ಅಂತ ರೇಸ್ ಟು 3 ಮಾಡಿದೆವು, ಅಲ್ಲೂ ಸಮ. ಕಾರಣ ಹುಡುಕಲು ಒಂದು ಸಂಜೆ ಬೇಕಾಯ್ತು. ರೇಸ್ ಟು 5 ತಗೊಳ್ಳಿ, ಹೆಚ್ಚೆಂದರೆ 9 ರ‍್ಯಾಕ್. ಸರದಿಯಲ್ಲಿ ಆಡಿದರೆ ಒಂಬತ್ತರಲ್ಲಿ ರಾಮನಿಗೆ 5 ಬ್ರೇಕ್, ಶಾಮನಿಗೆ 4. ಗೆದ್ದವನಿಗೆ ಬ್ರೇಕ್ ಅಂದರೆ? ರಾಮನಿಗೆ ಮೊದಲನೆಯದು, ಆಮೇಲೆ ಗೆದ್ದಾಗಲೆಲ್ಲ ಒಂದೊಂದು. ಐದನೇ ಗೆಲುವಿಗೆ ಪಂದ್ಯವೇ ಮುಗಿಯುವುದರಿಂದ ಒಟ್ಟು 5 ದಾಟಲ್ಲ. ಶಾಮನದ್ದು ಅದೇ ರೀತಿ 4 ದಾಟಲ್ಲ. ಪಂದ್ಯ ಬೇಗ ಮುಗಿದರೂ ಸುಮ್ಮನೆ ಉಳಿದ ಬ್ರೇಕುಗಳನ್ನೂ ಆಡಿಸಿ 5 ಮತ್ತು 4 ಪೂರ್ತಿ ಮಾಡಿ. ಆಗಲೇ ಐದು ಗೆದ್ದವನನ್ನು ಇನ್ನೊಬ್ಬ ಹಿಂದೆ ಹಾಕಲು ಸಾಧ್ಯವಿಲ್ಲ, ಯಾಕೆಂದರೆ ಅವನಿಗೆ ಹೆಚ್ಚೆಂದರೆ ನಾಲ್ಕೇ ಸಿಗೋದು. ಅಂದರೆ ಎರಡೂ ನಿಯಮದಲ್ಲಿ ಕೇಳುವ ಪ್ರಶ್ನೆ ಒಂದೇ: ರಾಮನ 5 ಬ್ರೇಕ್, ಶಾಮನ 4 ಬ್ರೇಕ್ ಸೇರಿಸಿ ಐದು ಯಾರು ಗೆದ್ದರು? ಬದಲಾಗಿದ್ದು ಆ ಬ್ರೇಕುಗಳು ಬಂದ ಕ್ರಮ ಮಾತ್ರ. ಇಬ್ಬರೂ ಸಮ ಇರಬೇಕು ಅಂತಲೂ ಇಲ್ಲ. ಯಾರು ಎಷ್ಟೇ ಮೇಲಾಗಿದ್ದರೂ ಇದೇ ವಾದ ನಡೆಯುತ್ತೆ. ಇದು ನಮ್ಮ ಶೋಧವೇನೂ ಅಲ್ಲ, ಟೆನಿಸ್ ಸರ್ವಿಸ್ ವಿಷಯದಲ್ಲಿ ಗಣಿತದವರು ಇದನ್ನು ಎಷ್ಟೋ ಹಿಂದೆಯೇ ತೋರಿಸಿದ್ದಾರೆ.

ಒಂದು ಷರತ್ತಿದೆ. ಪ್ರತಿ ರ‍್ಯಾಕ್ ಸ್ವತಂತ್ರ, ಹಿಂದಿನ ಸೋಲು ಮುಂದಿನ ಕೈಗೆ ತಾಗಲ್ಲ ಅಂತ ಒಪ್ಪಿಕೊಂಡರೆ ಮಾತ್ರ ಇದು ನಿಜ. ಐದು ರ‍್ಯಾಕ್ ಕುರ್ಚಿಯಲ್ಲಿ ಕೂತು ಎದ್ದವನ ಕೈ ತಣ್ಣಗಾಗಿರುತ್ತೆ ಅಂತ ಸರದಿ ಪಕ್ಷದವರು ಈಗಲೂ ಹೇಳುತ್ತಿದ್ದಾರೆ. ಇರಬಹುದು. ಆದರೆ ಅದು ಮನಸ್ಸಿನ ಮಾತು, ಬ್ರೇಕ್ ಹಂಚಿಕೆಯ ಅನ್ಯಾಯ ಅಲ್ಲ.

ಹಾಗಾದರೆ ನಿಯಮ ಯಾವುದಾದರೂ ಒಂದೇನಾ? ಅಲ್ಲ. ಗೆಲ್ಲುವವನ ಚಾನ್ಸ್ ಬದಲಾಗಲ್ಲ, ನೋಡುವವನಿಗೆ ಕಾಣುವ ಪಂದ್ಯ ಬದಲಾಗುತ್ತೆ. ಮೇಲಿನ ಲೆಕ್ಕದಲ್ಲೇ 2-0 ಆಗುವ ಚಾನ್ಸ್ ನೋಡಿ: ಸರದಿಯಲ್ಲಿ ನೂರಕ್ಕೆ 48, ಗೆದ್ದವನಿಗೆ ಬ್ರೇಕ್ ಅಂದರೆ 60. ಸರದಿಯಲ್ಲಿ ಕೊನೇ ರ‍್ಯಾಕಿನವರೆಗೆ ಎಳೆಯುವ ಪಂದ್ಯ ಜಾಸ್ತಿ. ಇನ್ನೊಂದರಲ್ಲಿ ಏಕಪಕ್ಷೀಯ ಪಂದ್ಯ ಜಾಸ್ತಿ, ಆದರೆ ಮಹಾಪೂರವೂ ಅಲ್ಲೇ ಸಾಧ್ಯ. 1996ರಲ್ಲಿ ಡಲ್ಲಾಸ್‌ನಲ್ಲಿ ಅರ್ಲ್ ಸ್ಟ್ರಿಕ್‌ಲ್ಯಾಂಡ್ ಸತತ 11 ರ‍್ಯಾಕ್ ಕ್ಲಿಯರ್ ಮಾಡಿದ್ದನ್ನು ಪೂಲ್ ಜನ ಇವತ್ತಿಗೂ ಹೇಳಿಕೊಳ್ಳುತ್ತಾರೆ. ಸರದಿ ನಿಯಮದಲ್ಲಿ ಅಂಥದ್ದು ಹುಟ್ಟೋಕೇ ಆಗಲ್ಲ.

ನಮಗೆ ಸಿಟ್ಟು ಇರೋದು ಪ್ರಸಾರದ ಮೇಲೆ. ಮೊದಲ ದಿನಗಳಲ್ಲಿ ಹತ್ತಾರು ಟೇಬಲ್ ಒಟ್ಟಿಗೆ ನಡೆಯುತ್ತವೆ, ಕ್ಯಾಮೆರಾ ಮತ್ತು ಕಾಮೆಂಟರಿ ಎಲ್ಲ ಮುಖ್ಯ ಟೇಬಲ್ಲಿಗೆ. ಅದಾದರೂ ಸರಿ, ದುಡ್ಡಿನ ಪ್ರಶ್ನೆ. ಆದರೆ ಪರದೆಯ ಮೂಲೆಯಲ್ಲಿ 7-4 ಅಂತ ಬರೀ ಸ್ಕೋರ್ ಕೊಟ್ಟರೆ ಏನು ತಿಳಿಯುತ್ತೆ? ಗೆದ್ದವನಿಗೆ ಬ್ರೇಕ್ ಇದ್ದರೆ ಆ ಮೂರರ ಅಂತರ ಒಂದೇ ಓಟದಲ್ಲಿ ಬಂದಿರಬಹುದು. ಸರದಿಯಲ್ಲಿ ಅದೇ ಅಂತರ ಬರಬೇಕಾದರೆ ಎದುರಾಳಿಯ ಬ್ರೇಕ್ ಕಸಿದುಕೊಂಡಿರಲೇಬೇಕು. ಯಾರ ಬ್ರೇಕ್‌ನಲ್ಲಿ ಯಾರು ಗೆದ್ದರು ಎಂಬ ಒಂದು ಸಣ್ಣ ಸಾಲು ಹಾಕಿದರೆ, ಕಾಮೆಂಟರಿಯಲ್ಲಿ ಪ್ರತಿ ಐದು ನಿಮಿಷಕ್ಕೆ 'ಮೊಮೆಂಟಮ್' ಅನ್ನೋ ಅಗತ್ಯ ಅರ್ಧ ಕಡಿಮೆಯಾಗುತ್ತೆ. ಟೆನಿಸ್‌ನಲ್ಲಿ ಸರ್ವಿಸ್ ಮುರಿದದ್ದನ್ನು ಹೇಳದೆ ಯಾರಾದರೂ ಸೆಟ್ ವಿವರಿಸುತ್ತಾರಾ?

ಕೊನೆಗೆ ನಮ್ಮ ಟೇಬಲ್. 32 ಜನ, ಸೋತರೆ ಔಟ್, ಅಂದರೆ 31 ಪಂದ್ಯ. ರೇಸ್ ಟು 5ರ ಸಮಬಲದ ಪಂದ್ಯಕ್ಕೆ ಸರಾಸರಿ ಏಳೂವರೆ ರ‍್ಯಾಕ್, ನಮ್ಮ ಕೈಗೆ ರ‍್ಯಾಕಿಗೆ ಹತ್ತು ನಿಮಿಷ. ಒಟ್ಟು ಸುಮಾರು 39 ಗಂಟೆ. ನಮಗಿರುವುದು ನಾಲ್ಕು ದಿನ, ದಿನಕ್ಕೆ 10 ಗಂಟೆ. ಡಬಲ್ ಎಲಿಮಿನೇಶನ್ ಕನಸು ಅಲ್ಲಿಗೇ ಸತ್ತಿತು.

ಗೆದ್ದವನಿಗೆ ಬ್ರೇಕ್ ಕೊಟ್ಟರೆ ಪಂದ್ಯ ಬೇಗ ಮುಗಿಯುತ್ತೆ, ಟೈಮ್ ಉಳಿಯುತ್ತೆ ಅಂತ ಅದನ್ನೇ ಬರೆಯಲು ಹೊರಟೆವು. ಆಗ ನಮ್ಮಲ್ಲೊಬ್ಬಳು ತಡೆದಳು. "ಬ್ರೇಕ್ ಮಾಡಿದೋರು ಜಾಸ್ತಿ ಗೆಲ್ತಾರೆ ಅಂದ್ರೆ ತಾನೆ ಅದು? ನೀವು ಬ್ರೇಕ್ ಮಾಡೋದು ನೋಡಿದೀರಾ?" ನಿಜ. ನಮ್ಮ ಮಟ್ಟದಲ್ಲಿ ಬ್ರೇಕ್ ಅಂದರೆ ಕ್ಯೂ ಬಾಲನ್ನೇ ಪಾಕೆಟ್ಟಿಗೆ ಹಾಕಿ, ಎದುರಾಳಿಗೆ ಟೇಬಲ್ ಒಪ್ಪಿಸಿ ಬರೋದು. 0.6 ಬದಲು 0.4 ಹಾಕಿ ನೋಡಿದೆವು. ಆಗ 2-0 ಆಗುವುದು ಸರದಿಯಲ್ಲಿ 48, ಗೆದ್ದವನಿಗೆ ಬ್ರೇಕ್ ಕೊಟ್ಟರೆ ಬರೀ 40. ಪಂದ್ಯ ಬೇಗ ಮುಗಿಯೋದು ಹೋಗಲಿ, ಇನ್ನೂ ಎಳೆಯುತ್ತೆ!

ಹಾಗಾಗಿ ನೋಟಿಸ್‌ನಲ್ಲಿ ಸರದಿ ಬ್ರೇಕ್ ಅಂತಲೇ ಇದೆ. ಸರದಿ ಪಕ್ಷದ ಮೂವರೂ ಗೆದ್ದ ಮುಖ ಮಾಡಿಕೊಂಡು ಓಡಾಡುತ್ತಿದ್ದೇವೆ, ಕಾರಣ ಮಾತ್ರ ಕೇಳಬೇಡಿ. ಶನಿವಾರ ಬೆಳಿಗ್ಗೆ 10ಕ್ಕೆ ಮೊದಲ ಪಂದ್ಯ. ಹರಿದ ಪಾಕೆಟ್ಟಿಗೆ ಶೂ ಲೇಸ್ ಕಟ್ಟಿದ್ದೇವೆ, ಆದರೂ ಚಪ್ಪಲಿ ಬದಲು ಶೂ ಹಾಕಿಕೊಂಡೇ ಬನ್ನಿ.