ಗೇಟು ತೆರೆದಿದೆ, ಯಾರೂ ನಂಬುತ್ತಿಲ್ಲ

1945ರ ಏಪ್ರಿಲ್ 29ರ ರಾತ್ರಿ ಬರ್ಮಾದ ರಂಗೂನ್ ಜೈಲಿನ ಜಪಾನೀ ಕಾವಲುಗಾರರು ಗೇಟಿನಲ್ಲಿ ಚೀಟಿ ಬಿಟ್ಟು ಹೊರಟುಹೋದರು. ಒಳಗಿದ್ದ ಬ್ರಿಟಿಷ್, ಅಮೆರಿಕನ್, ಭಾರತೀಯ ಯುದ್ಧಕೈದಿಗಳು ಛಾವಣಿ ಮೇಲೆ ದೊಡ್ಡದಾಗಿ ‘ಜಪಾನೀಯರು ಹೋದರು’ ಅಂತ ಬರೆದರು. ಆದರೆ ಮೇಲೆ ಹಾರುತ್ತಿದ್ದ ಸ್ವಂತ ಕಡೆಯ ಪೈಲಟ್‌ಗಳೇ ನಂಬಲಿಲ್ಲ. ಶತ್ರುವಿನ ಮೋಸ ಅಂದುಕೊಂಡರು. ಮೇ 2ಕ್ಕೆ ವಿಂಗ್ ಕಮಾಂಡರ್ ಸಾಂಡರ್ಸ್ ವಿಮಾನ ಇಳಿಸಿ, ಜೈಲಿಗೇ ಬಂದು ಕಣ್ಣಾರೆ ನೋಡಿದರು.

ನಾನು ರಕ್ಷಣೆ ಹೊಂದಿ ಕುಡಿತ ಬಿಟ್ಟಾಗ ನಮ್ಮಪ್ಪನೇ ‘ಎಷ್ಟು ದಿನ ಈ ನಾಟಕ?’ ಅಂದರು. ತುಂಬಾ ನೊಂದೆ. ಆದರೆ ಅವರು ನಂಬಲಿಲ್ಲ ಅಂತ ಯೇಸು ಕೊಟ್ಟ ಬಿಡುಗಡೆ ಸುಳ್ಳಾಗುತ್ತಾ? ಇಲ್ಲ. ವಾದ ಮಾಡಬೇಡಿ. ಹತ್ತಿರ ಬಂದು ನೋಡೋರಿಗೆ ನಿಮ್ಮ ಜೀವಿತ ಕಾಣಲಿ. ಅಪ್ಪ ಇನ್ನೂ ನೋಡ್ತಾ ಇದ್ದಾರೆ.

ಯೋಹಾನ 8:36 ಓದಿ, ಪ್ರಾರ್ಥಿಸೋಣ. ಆಮೆನ್.