ಬಿಲ್ಲಿಲ್ಲದ ಮೋಟಾರು, ಬಿಲ್ಲಿದ್ದ ಬೀಜ

ಸರ್ಜಾಪುರದ ಕಡೆ ನಮ್ಮದು ಎರಡೂಕಾಲು ಎಕರೆ. ಸುತ್ತ ಲೇಔಟು, ಅಪಾರ್ಟ್‌ಮೆಂಟು ಎದ್ದಿವೆ. ನಡುವೆ ನಾವು ಕೆಲವರು ಇನ್ನೂ ರಾಗಿ, ಟೊಮೆಟೊ, ಒಂದಿಷ್ಟು ಸೊಪ್ಪು ಅಂತ ಮಾಡ್ಕೊಂಡಿದ್ದೇವೆ. ಮೂರು ವರ್ಷದ ಹಿಂದೆ ಬೋರ್‌ವೆಲ್ ಮೋಟಾರು ಕೈಕೊಟ್ಟಿತು. “ಪೀಣ್ಯಕ್ಕೆ ಹೋಗಿ, ಫ್ಯಾಕ್ಟರಿ ರೇಟಿಗೆ ಸಿಗುತ್ತೆ” ಅಂತ ಯಾರೋ ಹೇಳಿದರು. ಬೆಂಗಳೂರಿನ ಈ ತುದಿಯಿಂದ ಆ ತುದಿಗೆ ಮೂರು ಬಸ್ಸು ಬದಲಾಯಿಸಿ ಹೋದೆ.

ಅಂಗಡಿಯವರು ಬಹಳ ಮರ್ಯಾದೆಯಿಂದ ಟೀ ತರಿಸಿದರು. “ಯಜಮಾನ್ರೇ, ಬಿಲ್ ಬೇಕು ಅಂದ್ರೆ ಟ್ಯಾಕ್ಸ್ ಸೇರುತ್ತೆ. ಚೀಟಿ ಬರ್ಕೊಡ್ತೀನಿ. ಒಂದ್ ವರ್ಷ ಏನಾದ್ರೂ ನಾನಿದ್ದೀನಿ” ಅಂದರು. ಮೂರು ಸಾವಿರ ಉಳೀತಲ್ಲ ಅಂತ ನನಗೂ ಖುಷಿಯೇ. ನಲವತ್ತನೇ ದಿನಕ್ಕೆ ವೈಂಡಿಂಗ್ ಸುಟ್ಟಿತು. ಚೀಟಿ ಹಿಡಿದು ಹೋದರೆ, “ಇದರ ಮೇಲೆ ನಮ್ಮ ಅಂಗಡಿ ಹೆಸರು ಎಲ್ಲಿದೆ? ನಿಮ್ಮೂರಲ್ಲಿ ವೋಲ್ಟೇಜ್ ಸರಿ ಇರಲ್ಲ, ಅದಕ್ಕೆ ನಾವೇನ್ ಮಾಡೋದು?” ಅಂದರು. ನಿಜ, ಹೆಸರು ಇರಲಿಲ್ಲ. ಮೋಟಾರಿನ ಸೀರಿಯಲ್ ನಂಬರೂ ಇರಲಿಲ್ಲ. ನಮ್ಮೂರ ರೀವೈಂಡಿಂಗ್ ಹುಡುಗ ಮೈಮೇಲಿನ ಸ್ಟಿಕ್ಕರ್ ನೋಡಿ ನಕ್ಕ. “ಅಣ್ಣಾ, ಐಎಸ್‌ಐ ಗುರುತು ಇದೆ. ಅದರ ಕೆಳಗೆ ಲೈಸೆನ್ಸ್ ನಂಬರೇ ಇಲ್ಲ!”

ಆ ಗುರುತಿನ ವಿಷಯ ಆಗ ನನಗೆ ಗೊತ್ತಿರಲಿಲ್ಲ. ಅಸಲಿ ಗುರುತಿನಲ್ಲಿ ಮೇಲ್ಗಡೆ ಮಾನಕದ ಸಂಖ್ಯೆ ಇರುತ್ತದೆ. ಸಬ್‌ಮರ್ಸಿಬಲ್ ಪಂಪ್‌ಸೆಟ್ಟಿಗೆ ಅದು ಐಎಸ್ 8034. ಕೆಳಗಡೆ ‘ಸಿಎಂ/ಎಲ್’ ಅಂತ ಶುರುವಾಗುವ ಲೈಸೆನ್ಸ್ ನಂಬರು. ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಎಂಬ ಆ್ಯಪಿನಲ್ಲಿ ಆ ನಂಬರು ಹಾಕಿದರೆ ಲೈಸೆನ್ಸ್ ಯಾರ ಹೆಸರಿನಲ್ಲಿದೆ, ಯಾವ ವಸ್ತುವಿಗೆ ಕೊಟ್ಟಿದ್ದು, ಈಗ ಚಾಲ್ತಿಯಲ್ಲಿದೆಯೇ ಎಲ್ಲ ಬರುತ್ತದೆ. ಅಂಗಡಿಯಲ್ಲಿ ನಿಂತೇ ನೋಡಬಹುದು. ತಮಾಷೆ ಅಂದರೆ ಬ್ಯೂರೋದ ಬೆಂಗಳೂರು ಕಚೇರಿ ಇರುವುದು ಅದೇ ಪೀಣ್ಯದಲ್ಲಿ, ತುಮಕೂರು ರಸ್ತೆಯಲ್ಲಿ. ನಾನು ಅದರ ಮುಂದೆಯೇ ಬಸ್ಸಿನಲ್ಲಿ ಹಾದು ಹೋಗಿದ್ದೆನೋ ಏನೋ.

ನನ್ನ ಕಥೆ ಅಲ್ಲಿಗೆ ಮುಗಿಯಿತು. ಪಕ್ಕದ ಹೊಲದವರ ಕಥೆ ಬೇರೆ. ಅವರು ಹೈಬ್ರಿಡ್ ಟೊಮೆಟೊ ಬೀಜ ತಂದು ಸಸಿ ಮಾಡಿ ಮುಕ್ಕಾಲು ಎಕರೆ ನಾಟಿ ಮಾಡಿದ್ದರು. ಕಾಯಿ ಬಿಟ್ಟಾಗ ನೋಡಿದರೆ ಒಂದು ಸಾಲಲ್ಲಿ ಉದ್ದ, ಇನ್ನೊಂದರಲ್ಲಿ ಗುಂಡು, ಕೆಲವು ಗಿಡ ಬರೀ ಸೊಪ್ಪು. ಬೇರೆಯವರಾಗಿದ್ದರೆ ಕಿತ್ತುಹಾಕಿ ಮುಂದಿನ ಬೆಳೆ ಇಡುತ್ತಿದ್ದರು. ಇವರು ಕೀಳಲಿಲ್ಲ. ಬಿಲ್ಲು, ಖಾಲಿ ಪ್ಯಾಕೆಟ್ಟು, ಅದರ ಮೇಲಿನ ಲಾಟ್ ನಂಬರು ಎಲ್ಲ ಇತ್ತು. ತಾಲೂಕಿನ ತೋಟಗಾರಿಕೆ ಕಚೇರಿಗೆ ಅರ್ಜಿ ಬರೆದು, ನಕಲಿನ ಮೇಲೆ ಸೀಲು ಹಾಕಿಸಿಕೊಂಡರು. ಅಧಿಕಾರಿಗಳು ಬಂದು ಬೆಳೆ ನಿಂತಿರುವಾಗಲೇ ಗಿಡ ಎಣಿಸಿ ವರದಿ ಬರೆದರು. ಬೀಜದ ಕೇಸಿನಲ್ಲಿ ಇದೇ ಜೀವ. ಬೆಳೆ ತೆಗೆದ ಮೇಲೆ ಯಾರು ಬಂದು ಏನು ನೋಡಿಯಾರು?

ಕಂಪನಿಯವನು ಮೊದಲು ಹೇಳಿದ್ದು, “ನೀವು ಮಾರೋದಕ್ಕೆ ಬೆಳೀತೀರಿ, ಅದು ವ್ಯಾಪಾರ. ನೀವು ಗ್ರಾಹಕರೇ ಅಲ್ಲ” ಅಂತ. ಈ ಮಾತಿಗೆ ಎಷ್ಟೋ ರೈತರು ಹೆದರಿ ಸುಮ್ಮನಾಗುತ್ತಾರೆ. ಇದು ಹಳೆಯ ವಾದ, ಸುಪ್ರೀಂ ಕೋರ್ಟಿನವರೆಗೆ ಹೋಗಿ ಸೋತ ವಾದ. ಆಂಧ್ರದ ರೈತರು ಕಳಪೆ ಬೀಜದಿಂದ ನಷ್ಟವಾಯಿತೆಂದು ಗ್ರಾಹಕರ ವೇದಿಕೆಗೆ ಹೋದಾಗ, ಸರ್ಕಾರದ್ದೇ ಆದ ರಾಷ್ಟ್ರೀಯ ಬೀಜ ನಿಗಮ ಅವರು ಗ್ರಾಹಕರಲ್ಲ, ಬೀಜಕ್ಕೆ 1966ರ ಬೀಜ ಕಾಯ್ದೆ ಬೇರೆ ಇದೆ ಎಂದು ವಾದಿಸಿತ್ತು. 2012ರ ಜನವರಿ 16ರಂದು ಮಧುಸೂದನ ರೆಡ್ಡಿ ಕೇಸಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಬೀಜ ಕೊಂಡ ರೈತ ಗ್ರಾಹಕನೇ, ಗ್ರಾಹಕರ ವೇದಿಕೆಗೆ ಹೋಗಬಹುದು ಎಂದಿತು. ಪರೀಕ್ಷೆಗೆ ಬೀಜ ಉಳಿಸಿಲ್ಲ ಎಂಬ ತಕರಾರನ್ನೂ ಒಪ್ಪಲಿಲ್ಲ. ತಂದ ಬೀಜವನ್ನೆಲ್ಲ ರೈತ ಬಿತ್ತುವುದು ಸಹಜ ತಾನೇ? ಆದರೂ ಒಂದು ಹಿಡಿ ಬೀಜ ಪ್ಯಾಕೆಟ್ಟಿನಲ್ಲೇ ಉಳಿಸಿಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಈಗ ನಡೆಯುತ್ತಿರುವುದು 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ. 2020ರ ಜುಲೈಯಿಂದ ಜಾರಿಯಲ್ಲಿದೆ. ವೇದಿಕೆಗೆ ಈಗ ಆಯೋಗ ಅಂತ ಹೆಸರು. ನಮಗೆ ಬೇಕಾದ ಅಂಶಗಳು ಹೀಗಿವೆ. ಅಂಗಡಿ ಪೀಣ್ಯದಲ್ಲಿರಲಿ, ಕಂಪನಿ ಹೈದರಾಬಾದಿನಲ್ಲಿರಲಿ, ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ತೊಂದರೆ ಆದ ದಿನದಿಂದ ಎರಡು ವರ್ಷದ ಒಳಗೆ ಹೋಗಬೇಕು. ಇನ್ನೊಂದು ವಿಷಯ ಓದಿ ನನಗೇ ಆಶ್ಚರ್ಯವಾಯಿತು: ಮಾರಿದ ಮಾಲಿಗೆ ಬಿಲ್ಲು ಕೊಡದಿರುವುದನ್ನೇ ಈ ಕಾಯ್ದೆ ಅನುಚಿತ ವ್ಯಾಪಾರ ಎಂದು ಕರೆಯುತ್ತದೆ. ಬಿಲ್ಲಿಲ್ಲದವನಿಗೆ ದಾರಿಯೇ ಇಲ್ಲ ಅಂತಲ್ಲ. ಫೋನಿನಲ್ಲಿ ದುಡ್ಡು ಹಾಕಿದ ದಾಖಲೆ ಇದ್ದರೂ ಆಧಾರವಾಗುತ್ತದೆ. ನಾನು ಅದನ್ನೂ ಮಾಡದೆ ನಗದು ಎಣಿಸಿ ಬಂದಿದ್ದೆ.

ದೂರಿಗೆ ಮೊದಲು 1915ಕ್ಕೆ ಫೋನು ಮಾಡಿ ನೋಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆಮೇಲೆ ಅಂಗಡಿಗೂ ಕಂಪನಿಗೂ ನೋಟಿಸು: ಏನು ಕೊಂಡೆ, ಯಾವತ್ತು, ಏನಾಯಿತು, ಎಷ್ಟು ನಷ್ಟ, ಎಷ್ಟು ದಿನದಲ್ಲಿ ಪರಿಹಾರ ಕೊಡಬೇಕು. ಕನ್ನಡದಲ್ಲೇ ಒಂದು ಪುಟ ಸಾಕು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು. ಪಕ್ಕದ ಹೊಲದವರ ಕೆಲಸ ನೋಟಿಸಿನಲ್ಲೇ ಆಯಿತು. ತೋಟಗಾರಿಕೆ ವರದಿಯ ನಕಲು ಜೊತೆಗಿದ್ದದ್ದು ನೋಡಿ ಕಂಪನಿಯವನು ಮನೆಗೇ ಬಂದ. ಕೇಳಿದ್ದು ಪೂರ್ತಿ ಸಿಗಲಿಲ್ಲ. ಬೀಜ, ಗೊಬ್ಬರ, ನಾಟಿ ಕೂಲಿ ಇಷ್ಟು ವಾಪಸು ಬಂತು. ಆಯೋಗಕ್ಕೆ ಹೋಗಿದ್ದರೆ ಇನ್ನೂ ಬರ್ತಿತ್ತೇನೋ, ಆದರೆ ಓಡಾಡುವವರು ಯಾರು ಅಂತ ಅವರು ಒಪ್ಪಿಕೊಂಡರು. ನಾನು ಒಪ್ಪುತ್ತಿರಲಿಲ್ಲ, ಹೇಳುವುದು ಸುಲಭ.

ಒಂದು ಮಾತು ಮರೆತಿದ್ದೆ. ಮಾಲು ಕೆಟ್ಟಾಗ ಕಂಪನಿಯ ನಂಬರನ್ನು ಫೋನಿನಲ್ಲಿ ಹುಡುಕಿ ಸಿಕ್ಕಿದ್ದಕ್ಕೆ ಮಾಡಬೇಡಿ. ಅಲ್ಲಿ ಕಳ್ಳರೂ ನಂಬರು ಹಾಕಿರುತ್ತಾರೆ. “ದುಡ್ಡು ವಾಪಸು ಹಾಕ್ತೀವಿ, ಪಿನ್ ಒತ್ತಿ” ಅನ್ನುತ್ತಾರೆ. ದುಡ್ಡು ಬರೋದಕ್ಕೆ ಪಿನ್ ಬೇಕಾಗಿಲ್ಲ, ಹೋಗೋದಕ್ಕೆ ಮಾತ್ರ ಬೇಕು. ಬಿಲ್ಲಿನ ಮೇಲೆ ಅಥವಾ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ನಂಬರಿಗೇ ಮಾಡಿ. ಹೋಗಿಯೇ ಬಿಟ್ಟರೆ ತಡಮಾಡದೆ 1930ಕ್ಕೆ ತಿಳಿಸಬೇಕು. ಬೇಗ ತಿಳಿಸಿದರೆ ಹಣವನ್ನು ಬ್ಯಾಂಕಿನಲ್ಲಿ ತಡೆಹಿಡಿಯುವ ಅವಕಾಶ ಇದೆ.

ನಾನು ಮತ್ತೆ ಮೋಟಾರು ತಂದದ್ದು ಆನೇಕಲ್ಲಿನಿಂದ. ಅಲ್ಲೂ ಅದೇ ಪ್ರಶ್ನೆ, “ಬಿಲ್ ಬೇಕಾ?” ಬೇಕು ಅಂದೆ. ಸೀರಿಯಲ್ ನಂಬರು ಬರೆಸಿ, ವಾರಂಟಿ ಕಾರ್ಡಿಗೆ ಸೀಲು ಹಾಕಿಸಿದೆ. ಅದು ಈಗ ಪಹಣಿ ಇಟ್ಟಿರುವ ಟ್ರಂಕಿನಲ್ಲಿದೆ.