ಸೋಂಕಿನ ಕಾಲದಲ್ಲಿ ಏನನ್ನು ಕೊಳ್ಳಬೇಕು, ಎಷ್ಟು ಕೊಳ್ಳಬೇಕು?

ಸಾಂಕ್ರಾಮಿಕ ರೋಗದ ಸುದ್ದಿ ಹಬ್ಬಿದೊಡನೆ ಜನ ಔಷಧಿ ಅಂಗಡಿಗೆ ಧಾವಿಸುತ್ತಾರೆ. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಟೆಟ್ರಾಸೈಕ್ಲಿನ್ ಮಾತ್ರೆಗಳು ಅಂಗಡಿಗಳಲ್ಲಿ ಖಾಲಿಯಾಗಿದ್ದವು. 2020ರ ಮಾರ್ಚ್‌ನಲ್ಲಿ ಕಲಬುರಗಿಯಿಂದ ದೇಶದ ಮೊದಲ ಕೋವಿಡ್ ಸಾವು ವರದಿಯಾದಾಗ ಮಾಸ್ಕ್ ಮತ್ತು ಸ್ಯಾನಿಟೈಜರ್‌ಗಳ ಗತಿಯೂ ಅದೇ ಆಯಿತು.

ಆ ತಿಂಗಳ 13ರಂದು ಕೇಂದ್ರ ಸರ್ಕಾರ ಇವೆರಡನ್ನೂ ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿತು. 21ರಂದು ಬೆಲೆಯನ್ನೂ ಕಟ್ಟಿತು. ಎರಡು ಪದರದ ಮಾಸ್ಕ್‌ಗೆ 8 ರೂಪಾಯಿ, ಮೂರು ಪದರದ್ದಕ್ಕೆ 10 ರೂಪಾಯಿ, 200 ಮಿ.ಲೀ. ಸ್ಯಾನಿಟೈಜರ್‌ಗೆ 100 ರೂಪಾಯಿ. ಸಕ್ಕರೆ ಕಾರ್ಖಾನೆ ಹಾಗೂ ಡಿಸ್ಟಿಲರಿಗಳಿಗೆ ಸ್ಯಾನಿಟೈಜರ್ ತಯಾರಿಸಲು ಅನುಮತಿ ದೊರೆಯಿತು. ಕಬ್ಬಿನ ಕಾಕಂಬಿಯಿಂದ ಬರುವ ಮದ್ಯಸಾರವೇ ಅದರ ಮುಖ್ಯ ವಸ್ತು.

ಕೊರತೆಗೆ ರೋಗವೊಂದೇ ಕಾರಣವಲ್ಲ, ಭಯವೂ ಕಾರಣ. ಜನ ಗಾಬರಿಯಿಂದ ಕೊಂಡು ಕೂಡಿಡುತ್ತಿರುವುದರಿಂದ ವೈದ್ಯರು, ದಾದಿಯರು ಅಪಾಯಕ್ಕೆ ಸಿಲುಕಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 3ರಂದು ಎಚ್ಚರಿಸಿತ್ತು. ಅಷ್ಟರಲ್ಲಾಗಲೇ ಶಸ್ತ್ರಚಿಕಿತ್ಸೆಯ ಮಾಸ್ಕ್‌ಗಳ ಬೆಲೆ ಆರು ಪಟ್ಟು ಏರಿತ್ತು. ಆದ್ದರಿಂದ ಯಾವ ವಸ್ತು ಯಾರಿಗೆ, ಯಾವಾಗ ಬೇಕು ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಕೈಗೆ ಸಾಬೂನೇ ಮೇಲು

ಕೊರೊನಾ ವೈರಸ್‌ನ ಹೊರಕವಚದಲ್ಲಿ ಕೊಬ್ಬಿನ ಅಂಶವಿದೆ. ಸಾಬೂನು ಆ ಕವಚವನ್ನು ಒಡೆಯುತ್ತದೆ, ನೀರು ಕೊಳೆಯೊಂದಿಗೆ ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ಇದಕ್ಕೆ ದುಬಾರಿ ಸಾಬೂನು ಬೇಕಿಲ್ಲ. ಬೆರಳ ಸಂದು, ಉಗುರು, ಹೆಬ್ಬೆರಳುಗಳನ್ನು ಬಿಡದೆ 20 ಸೆಕೆಂಡು ಉಜ್ಜಿದರೆ ಸಾಕು.

ಸ್ಯಾನಿಟೈಜರ್ ಬೇಕಾಗುವುದು ಬಸ್ಸು, ಸಂತೆ, ಆಸ್ಪತ್ರೆಗಳಂಥ ಕಡೆ ನೀರು ಸಿಗದಿದ್ದಾಗ. ಕೈಯಲ್ಲಿ ಮಣ್ಣು, ಜಿಡ್ಡು ಇದ್ದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಮೂಡಲಗಿ ತಾಲ್ಲೂಕಿನ ಮಸಗುಪ್ಪಿಯಂಥ ಊರಿನಲ್ಲಿ ಹೊಲದ ಕೆಲಸ ಮುಗಿಸಿ ಬಂದವರಿಗೆ ಬಚ್ಚಲಿನ ಸಾಬೂನೇ ಸರಿಯಾದ ರಕ್ಷಣೆ.

ಸ್ಯಾನಿಟೈಜರ್ ಕೊಳ್ಳುವಾಗ ಚೀಟಿ ಓದಿ. ಮದ್ಯಸಾರ ಕನಿಷ್ಠ ಶೇ 60 ಇರಬೇಕು. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇಲ್ಲದ ಬಾಟಲಿ ಬೇಡ. ಬೇಡಿಕೆ ಏರಿದ ಕಾಲದಲ್ಲಿ ಮೆಥನಾಲ್ ಬೆರೆತ ಕಳಪೆ ಮಾಲು ಹಲವು ದೇಶಗಳಲ್ಲಿ ಪತ್ತೆಯಾಯಿತು. ಮೆಥನಾಲ್ ಹೊಟ್ಟೆ ಸೇರಿದರೆ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು. ಯಾವ ಸ್ಯಾನಿಟೈಜರೂ ಕುಡಿಯುವ ವಸ್ತುವಲ್ಲ. 2020ರ ಜುಲೈ ಕೊನೆಯಲ್ಲಿ ಆಂಧ್ರದ ಕುರಿಚೇಡು ಎಂಬಲ್ಲಿ ಮದ್ಯ ಸಿಗದೆ ಸ್ಯಾನಿಟೈಜರ್ ಕುಡಿದ ಹತ್ತಕ್ಕೂ ಹೆಚ್ಚು ಜನ ಸತ್ತರು. ಬಾಟಲಿಯನ್ನು ಮಕ್ಕಳ ಕೈಗೆ ಸಿಗದಂತೆ, ಒಲೆಯಿಂದ ದೂರ ಇಡಿ. ಹಚ್ಚಿಕೊಂಡ ಕೈ ಪೂರ್ತಿ ಒಣಗುವವರೆಗೆ ಬೆಂಕಿಯ ಹತ್ತಿರ ಹೋಗಬೇಡಿ.

ಯಾರಿಗೆ ಯಾವ ಮಾಸ್ಕ್?

ಎನ್-95 ಮಾಸ್ಕ್ ಅತಿ ಸೂಕ್ಷ್ಮ ಕಣಗಳಲ್ಲಿ ಕನಿಷ್ಠ ಶೇ 95ರಷ್ಟನ್ನು ತಡೆಯುತ್ತದೆ. ಆದರೆ ಮುಖಕ್ಕೆ ಬಿಗಿಯಾಗಿ ಕೂತರೆ ಮಾತ್ರ. ರೋಗಿಯ ಆರೈಕೆ ಮಾಡುವವರಿಗೆ ಇದು ಹೆಚ್ಚು ಅಗತ್ಯ. ಕವಾಟವಿರುವ ಮಾಸ್ಕ್ ತೊಟ್ಟವರ ಉಸಿರನ್ನು ಸೋಸದೆ ಹೊರಬಿಡುತ್ತದೆ, ಆದ್ದರಿಂದ ಎದುರಿಗಿರುವವರಿಗೆ ರಕ್ಷಣೆ ಸಿಗದು.

ಮೂರು ಪದರದ ಶಸ್ತ್ರಚಿಕಿತ್ಸೆಯ ಮಾಸ್ಕ್ ಒಮ್ಮೆ ಮಾತ್ರ ಬಳಸುವಂಥದು. ಒಗೆದರೆ ಸೋಸುವ ನಡುಪದರ ಕೆಡುತ್ತದೆ. ಬಟ್ಟೆಯ ಮಾಸ್ಕ್ ಇವೆರಡಕ್ಕಿಂತ ಕಡಿಮೆ ರಕ್ಷಣೆ ಕೊಟ್ಟರೂ ದಿನವೂ ಒಗೆದು, ಬಿಸಿಲಿಗೆ ಒಣಗಿಸಿ ಮತ್ತೆ ಬಳಸಬಹುದು. ಯಾವುದೇ ಆಗಲಿ, ಮೂಗು ಬಾಯಿ ಎರಡನ್ನೂ ಮುಚ್ಚಬೇಕು. ಗದ್ದದ ಕೆಳಗೆ ಇಳಿಸಿಕೊಂಡರೆ ಪ್ರಯೋಜನವಿಲ್ಲ.

ಮನೆಯಲ್ಲಿ ಇರಬೇಕಾದಷ್ಟು

ಕೋವಿಡ್ ಜಾಗತಿಕ ತುರ್ತುಸ್ಥಿತಿ 2023ರ ಮೇ 5ರಂದು ಕೊನೆಗೊಂಡಿತು. ಆದರೂ ಕೆಮ್ಮು, ನೆಗಡಿ, ಫ್ಲೂ ವರ್ಷವೂ ಬರುತ್ತವೆ. ಒಂದು ಕುಟುಂಬಕ್ಕೆ ತಿಂಗಳಿಗೆ ಸಾಲುವಷ್ಟು ಸಾಬೂನು, ಪ್ರಯಾಣಕ್ಕೆ ಒಂದು ಚಿಕ್ಕ ಬಾಟಲಿ ಸ್ಯಾನಿಟೈಜರ್, ಕಾಯಿಲೆ ಬಿದ್ದವರಿಗೂ ಅವರನ್ನು ನೋಡಿಕೊಳ್ಳುವವರಿಗೂ ಕೆಲವು ಮಾಸ್ಕ್ ಇದ್ದರೆ ಸಾಕು. ಅದಕ್ಕಿಂತ ಹೆಚ್ಚು ಕೂಡಿಟ್ಟರೆ ನಿಜವಾಗಿ ಬೇಕಾದವರಿಗೆ ತಪ್ಪುತ್ತದೆ, ಬೆಲೆಯೂ ಏರುತ್ತದೆ.

ಮುದ್ರಿತ ಬೆಲೆಗಿಂತ ಹೆಚ್ಚು ಕೇಳಿದರೆ ರಸೀದಿ ಪಡೆದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.